ಬೇರೆ ಎಂತ ಉಂಟು?

ಆ ದಿನ ಬೆಳಿಗ್ಗೆ ಚಂದ್ರಮತಿ ಅತ್ತೆ ಮಾಡಿದ ಮಹಾಪರಾಧ ಎಂತದ್ದು ಅಂದ್ರೆ, ದೋಸೆಯನ್ನು ಮಡಚಿ ಪ್ಲೇಟಿಗೆ ಹಾಕಿದ್ದು.

ಅತ್ತೆಯ ಎರಡೂವರೆ ವರ್ಷದ ಮಗಳು ಮೌನ ಆ ಪ್ಲೇಟನ್ನು ನೋಡಿದ್ಳು. ಮೊದಲು ಕೆಳತುಟಿ ಹೊರಗೆ ಬಂತು, ಮತ್ತೆ ಮೂಗು ಅರಳಿತು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಕುಕ್ಕರು ಸೀಟಿ ಹಾಕುವ ಮೊದಲು ಒಮ್ಮೆ ಸುಮ್ಮನಾಗ್ತದಲ್ಲ, ಹಾಗೆ. ಮತ್ತೆ ಬಂತು ನೋಡಿ ಸ್ವರ. ಎದುರು ಮನೆ ಬಾಲ್ಕನಿಯ ಪಾರಿವಾಳಗಳೆಲ್ಲ ಎದ್ದು ಸ್ಟೇಷನ್ ಕಡೆಗೆ ಹೋದ್ವು. ಅತ್ತೆ ಗಡಿಬಿಡಿಯಲ್ಲಿ ದೋಸೆ ಬಿಡಿಸಿದ್ರು. ಬಿಡಿಸಿದ್ರೆ ನಡುವೆ ಮಡಚಿದ ಗೆರೆ. ಗೆರೆ ಇರುವ ದೋಸೆ ಬೇಡ. ಸರಿ, ಹೊಸದೊಂದು ಹೊಯ್ದು, ಮಡಚದೆ, ಎರಡೂ ಕೈಯಲ್ಲಿ ಹಿಡಿದು ದೇವರಿಗೆ ನೈವೇದ್ಯ ತಂದ ಹಾಗೆ ತಂದಿಟ್ರು. ಆಗ ಮೌನಳಿಗೆ ಮೊದಲಿನ ದೋಸೆಯೇ ಬೇಕಾಯ್ತು. ಮೊದಲಿನ ದೋಸೆ ಅಷ್ಟೊತ್ತಿಗೆ, ಕಾಲೇಜಿಗೆ ಹೋಗ್ತಾ ಆ ಮನೆಯಲ್ಲೇ ಇರುವ ವೀಕ್ಷಾಳ ಹೊಟ್ಟೆಯಲ್ಲಿತ್ತು. (ಸಾಕ್ಷ್ಯನಾಶದ ಸದುದ್ದೇಶದಿಂದ ತಿಂದದ್ದು, ಹಸಿವಿನಿಂದ ಅಲ್ಲ.)

ಈ ಮಗುವಿಗೆ ಮೌನ ಅಂತ ಹೆಸರಿಟ್ಟದ್ದು ಅವಳ ಅಪ್ಪ, ಅಂದ್ರೆ ವೀಕ್ಷಾಳ ಸೋದರಮಾವ ಮಧ್ವರಾಜ. ನಾಮಕರಣದ ದಿನ ಮಗು ಬೆಳಗ್ಗಿನಿಂದ ಸಂಜೆವರೆಗೆ ತೊಟ್ಟಿಲಲ್ಲಿ ಗೊಂಬೆಯ ಹಾಗೆ ಮಲಗಿತ್ತಂತೆ, ಬಂದವರೆಲ್ಲ ಎಷ್ಟು ಪಾಪದ ಕೂಸು ಅಂತ ಹೊಗಳಿದ್ರಂತೆ, ಮಾವ ಅಲ್ಲೇ ಕರಗಿ ಆ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ರಂತೆ. ಅದೇ ಕೊನೆ. ಆಮೇಲೆ ಅವಳು ಸುಮ್ಮನಿದ್ದದ್ದನ್ನು ಕಂಡವರು ವೆಸ್ಟ್ ಮಾಂಬಲಂನಲ್ಲಿ ಯಾರೂ ಇಲ್ಲ. ಮಾವನಿಗೆ ಸ್ಟೇಷನ್ ಹತ್ರ ಒಂದು ಟಿಫಿನ್ ಹೋಟೆಲು ಉಂಟು. ಅಲ್ಲಿ ಕ್ಯಾಶಿನಲ್ಲಿ ಕೂತ್ರೆ ಅವರು ಹುಲಿ, ಸಾಂಬಾರಿಗೆ ಉಪ್ಪು ಜಾಸ್ತಿ ಅಂತ ಜಗಳಕ್ಕೆ ಬಂದವನನ್ನೂ ನಗಿಸಿ ಕಳಿಸ್ತಾರೆ. ಮನೆಯಲ್ಲಿ ಮಾತ್ರ, ಮಗಳ ಕೆಳತುಟಿ ಹೊರಗೆ ಬಂದ ಕೂಡ್ಲೇ ಅವರಿಗೆ ಹೋಟೆಲಿನ ಗ್ರೈಂಡರು ಕೆಟ್ಟದ್ದು ನೆನಪಾಗ್ತದೆ. ಅಷ್ಟು ಸಲ ಕೆಟ್ಟ ಗ್ರೈಂಡರು ಇಡೀ ಚೆನ್ನೈಯಲ್ಲಿ ಇನ್ನೊಂದು ಇರ್ಲಿಕ್ಕಿಲ್ಲ.

ಅಂಥ ಮನೆಗೆ ದೇವರೇ ಹುಡುಕಿ ಕಳಿಸಿದ ಸ್ಪೆಷಲಿಸ್ಟ್ ತಾನು ಅಂತ ವೀಕ್ಷಾಳ ಅಂದಾಜು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಈಗ ಬಿಎಸ್ಸಿ ಸೈಕಾಲಜಿ ಎರಡನೇ ವರ್ಷ, ಈ ಸೆಮಿಸ್ಟರಿನಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ಅಂತ ಒಂದು ಇಡೀ ಪೇಪರೇ ಉಂಟು. ಅದರ ಮೊದಲನೇ ಯೂನಿಟ್ ಮುಗಿದದ್ದೇ ತಡ, ಅವಳಿಗೆ ಮನುಷ್ಯರು ಕಾಣುವುದು ನಿಂತು ಕೇಸ್ ಸ್ಟಡಿಗಳು ಮಾತ್ರ ಕಾಣ್ಲಿಕ್ಕೆ ಶುರುವಾಯ್ತು. ಹಾಲಿನವನು ಆಂಕ್ಷಿಯಸ್, ಮೇಲಿನ ಮನೆಯ ಮಾಮಿ ಅಟೆನ್ಷನ್ ಸೀಕಿಂಗ್, ಮಾವ ಅವಾಯ್ಡೆಂಟ್. ಮೌನ ಅಂತೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗೆ ಕೈಕಾಲು ಬಂದ ಹಾಗೆ. ಇದೆಲ್ಲ ಬರೀ ಟಾಡ್ಲರ್ ಮೂಡ್ ಸ್ವಿಂಗ್ ಅತ್ತೆ, ಆ ವಯಸ್ಸಿಗೆ ಫೀಲಿಂಗ್ಸ್ ದೊಡ್ಡದು, ಬ್ರೇನ್ ಸಣ್ಣದು, ನಾವು ಅರ್ಥ ಮಾಡಿಕೊಳ್ಬೇಕಷ್ಟೆ ಅಂತ ಅವಳು ಉಸಿರು ತೆಗೆಯದೆ ವಿವರಿಸುವಾಗ, ಮೌನ ಹಿಂದಿನಿಂದ ಬಂದು ಅವಳ ಜಡೆಯನ್ನು ಸಾಂಬಾರಿನ ಬಟ್ಟಲಲ್ಲಿ ಅದ್ದಿದ್ದೂ ಉಂಟು.

ವೀಕ್ಷಾಳಿಗೆ ಸ್ವತಃ ಮೂಡ್ ಸ್ವಿಂಗ್ ಅಂತ ಇಲ್ಲ. ಅವಳಿಗೆ ಇರುವುದು ಸೆನ್ಸಿಟಿವಿಟಿ. ಬಸ್ಸು ತಪ್ಪಿದ ದಿನ, ಅಸೈನ್‌ಮೆಂಟ್ ವಾಪಸ್ ಬಂದ ದಿನ, ಫ್ರೆಂಡ್ ಬರ್ತ್‌ಡೇ ಫೋಟೋ ಹಾಕಿ ಇವಳನ್ನು ಟ್ಯಾಗ್ ಮಾಡದ ದಿನ, ಬ್ಯಾಗನ್ನು ಸೋಫಾಕ್ಕೆ ಎಸೆದು, ನಂಗೆ ಊಟ ಬೇಡ, ಕಾಲೇಜು ಬೇಡ, ಈ ಊರೇ ಬೇಡ ಅಂತ ಘೋಷಣೆ ಮಾಡ್ತಾಳೆ. ಅತ್ತೆ ಅಡಿಗೆಮನೆಯಿಂದಲೇ, ಕಾಫಿ ಮೊದಲಾ, ಕಾಲು ತೊಳೆಯುವುದು ಮೊದಲಾ ಅಂತ ಕೇಳ್ತಾರೆ. ವೀಕ್ಷಾ ಯೋಚನೆ ಮಾಡಿ ಕಾಫಿ ಅಂತಾಳೆ. ಲೋಟ ಮುಗಿಯುವಷ್ಟರಲ್ಲಿ ಊರು ಪರ್ವಾಗಿಲ್ಲ ಅಂತ ಅನಿಸಿರ್ತದೆ. ಅತ್ತೆಯ ಈ ಗುಣ ಅವಳಿಗೆ ಭಾರೀ ಇಷ್ಟ. ಕೆಲಸ ಕೂಡ ಅತ್ತೆ ಹೇರುವವರಲ್ಲ, ಬಟ್ಟೆ ಒಣಗಿಸ್ತಿಯಾ, ಕೊತ್ತಂಬರಿ ಸೊಪ್ಪು ಬಿಡಿಸ್ತಿಯಾ ಅಂತ ಕೇಳಿಯೇ ಕೊಡುವುದು. ಸ್ವಂತ ಅಮ್ಮನಾದ್ರೆ ಸೀದಾ ಬಕೆಟನ್ನೇ ಕೈಗೆ ಕೊಡ್ತಿದ್ರು. ಈ ಮನೆಯಲ್ಲಿ ತನ್ನ ಅಭಿಪ್ರಾಯಕ್ಕೆ ಒಂದು ಬೆಲೆ ಉಂಟು ಅಂತ ವೀಕ್ಷಾಳಿಗೆ ಹೆಮ್ಮೆ. (ಬಟ್ಟೆ ಒಣಗಿಸಿ ಆದ ಮೇಲೆ ಸೊಪ್ಪು ಬಿಡಿಸುವುದೂ ಹೇಗೋ ಅವಳೇ, ಅದು ಬೇರೆ ವಿಷಯ.)

ಇರ್ಲಿ, ದೋಸೆಯ ದಿನಕ್ಕೆ ಬರುವ. ಮೌನ ಅತ್ತು ಅತ್ತು, ಅದೇ ಹೊಸ ದೋಸೆಯನ್ನು ತಾನೇ ಮಡಚಿ, ಖುಷಿಯಲ್ಲಿ ಕಾಲು ಕುಣಿಸ್ತಾ ತಿನ್ಲಿಕ್ಕೆ ಕೂತಾಗ ಅತ್ತೆ ಕಾಣ್ಲಿಲ್ಲ. ವೀಕ್ಷಾ ಹೋಗಿ ರೂಮಿಗೆ ಇಣುಕಿದ್ಳು. ಅತ್ತೆ ಕಪಾಟಿನ ಬಾಗಿಲು ತೆರೆದು ನಿಂತಿದ್ರು. ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದ ನೇರಳೆ ಕಾಟನ್ ಸೀರೆಯನ್ನು ತೆಗೆದು, ಮಡಿಕೆ ಮಾಡಿ, ಎಲ್ಲಕ್ಕಿಂತ ಕೆಳಗಿನ ತಟ್ಟಿಗೆ ಸೇರಿಸ್ತಾ ಇದ್ರು. ಕೆಳಗಿನ ತಟ್ಟು ಅಂದ್ರೆ ಇನ್ನು ಉಡ್ಲಿಕ್ಕಿಲ್ಲದ ಬಟ್ಟೆಗಳ ಜಾಗ.

ಅದು ಆಫೀಸಿನ ಸೀರೆ. ಮೌಂಟ್ ರೋಡಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಅತ್ತೆಗೆ ಕಿಟಕಿ ಪಕ್ಕದಲ್ಲಿ ಒಂದು ಮೇಜು ಉಂಟು, ಮೇಲೆ ಸದ್ದು ಮಾಡದ ಫ್ಯಾನು, ಮೇಜಿನ ಮೇಲೆ ಅವರ ಹೆಸರಿನ ಬೋರ್ಡು. ಮೌನ ಹುಟ್ಟಿದ ಮೇಲೆ ರಜೆಯನ್ನು ಎಳೆದೂ ಎಳೆದೂ ಅದು ಇನ್ನು ಹರಿಯುವ ಹಂತಕ್ಕೆ ಬಂದಿತ್ತು. ಮುಂದಿನ ಸೋಮವಾರ ಹೋಗ್ಬೇಕು, ಇಲ್ಲದಿದ್ರೆ ಕೆಲಸ ಬಿಡ್ಬೇಕು. ಹೋಗ್ಬೇಕಾದ್ರೆ ಮೌನ ಪ್ಲೇಸ್ಕೂಲಿನಲ್ಲಿ ಕೂರ್ಬೇಕು. ಹಿಂದೆ ಒಂದು ಕಡೆ ಹಾಕಿ ನೋಡಿದ್ದಕ್ಕೆ ಅವಳು ಮೊದಲ ದಿನವೇ ಕರ್ಟನ್ನನ್ನು ಸರಳು ಸಮೇತ ಕೆಳಗಿಳಿಸಿ, ಅವರು ಬಹಳ ಮರ್ಯಾದೆಯಲ್ಲಿ, ಇನ್ನೊಂದು ವರ್ಷ ಬಿಟ್ಟು ಬನ್ನಿ ಅಂತ ಕೈ ಮುಗಿದಿದ್ರು. ಹೋಟೆಲಲ್ಲಿ ಇಡೀ ದಿನ ಇಟ್ಟುಕೊಳ್ಳುವ ಅಂದ್ರೆ, ಬೆಳಗ್ಗಿನ ಹೊತ್ತು ಅಪ್ಪನ ತೊಡೆ ಮೇಲೆ ಕೂತು ಚಂದ ಇರ್ತಾಳೆ, ಆಮೇಲೆ ಕೆಳಗಿಳಿದು ಸಾಂಬಾರಿನ ಬಕೆಟಿಗೆ ಬಿಲ್ಲುಗಳನ್ನು ಹಾಕ್ತಾಳೆ. ಈಗ ಎರಡು ಬೀದಿ ಆಚೆ ಹೊಸ ಪ್ಲೇಸ್ಕೂಲೊಂದು ಶುರುವಾಗಿ, ಅಲ್ಲಿಯ ಉಷಾ ಮೇಡಂ ಶುಕ್ರವಾರ ಬೆಳಿಗ್ಗೆ ಕರ್ಕೊಂಡು ಬನ್ನಿ, ಅಮ್ಮನನ್ನು ಬಿಟ್ಟು ಕೂತ್ರೆ ಸೇರಿಸ್ಕೊಳ್ತೇವೆ ಅಂದಿದ್ರು. ಅದೇ ಕೊನೆಯ ಆಸೆ.

"ಬಿಡು ಮಾರಾಯ್ತಿ," ಅಂದ್ರು ಅತ್ತೆ, ಸೀರೆಯ ಮೇಲೆ ಒಮ್ಮೆ ಕೈ ಆಡಿಸಿ. "ದೋಸೆಗೇ ಹೀಗೆ, ಇನ್ನು ಶಾಲೆಗೆ ಹೇಗೆ? ಮೇಜಿಗೆ ಬೇರೆ ಯಾರಾದ್ರೂ ಸಿಕ್ತಾರೆ."

ನಗ್ತಾ ಹೇಳಿದ್ರು. ಆ ನಗು ವೀಕ್ಷಾಳಿಗೆ ನೋಡ್ಲಿಕ್ಕಾಗ್ಲಿಲ್ಲ. ಅವಳು ಸೀರೆಯನ್ನು ಕಿತ್ಕೊಂಡು ಪುನಃ ಹ್ಯಾಂಗರಿಗೆ ಹಾಕಿ, ಶುಕ್ರವಾರದವರೆಗೆ ಮೌನಳನ್ನು ತನ್ನ ಕೈಗೆ ಬಿಡ್ಬೇಕು, ಸೈನ್ಸ್ ಅಂತ ಒಂದುಂಟಲ್ಲ ಅತ್ತೆ, ಅಂತ ಹೇಳಿದ್ಳು. ಅತ್ತೆ ಸರಿ ಅಂದ್ರು. ಮಾವ ಫೋನಿನಲ್ಲಿ ವಿಷಯ ಕೇಳಿ, ಗ್ರೈಂಡರು ಶುಕ್ರವಾರದವರೆಗೆ ಸರಿಯಾಗುವ ಲಕ್ಷಣ ಇಲ್ಲ ಅಂದ್ರು.

ವೀಕ್ಷಾಳ ಶಾಸ್ತ್ರ ಹೀಗೆ. ಮಗು ಹಠ ಹಿಡಿದಾಗ ಮೊದಲು ಮೊಣಕಾಲೂರಿ ಅದರ ಎತ್ತರಕ್ಕೆ ಇಳಿಯುವುದು. ಮತ್ತೆ ಅದರ ಫೀಲಿಂಗಿಗೆ ಹೆಸರಿಡುವುದು. ಮತ್ತೆ ಎರಡು ಆಯ್ಕೆ ಕೊಡುವುದು, ಯಾಕಂದ್ರೆ ಬೇಡ ಅಂತ ಹೇಳ್ಲಿಕ್ಕೆ ಅವಕಾಶವೇ ಇಲ್ಲದ ಹಾಗೆ ಕೇಳಿದ್ರೆ ಮಗುವಿಗೆ ತಾನೇ ರಾಜ ಅನಿಸ್ತದೆ, ಕೆಲಸ ನಮ್ಮದಾಗ್ತದೆ. ಕೇಳ್ಲಿಕ್ಕೆ ಎಷ್ಟು ಚಂದ. ಮೌನಳ ಎತ್ತರಕ್ಕೆ ಇಳಿದ ಕೂಡ್ಲೇ ಆದದ್ದು ಎಂತ ಅಂದ್ರೆ, ಇಷ್ಟು ದಿನ ಅವಳ ಕೈಗೆ ಸಿಗದೆ ಇದ್ದ ವೀಕ್ಷಾಳ ಕನ್ನಡಕ ಈಗ ಸಿಕ್ಕಿತು. ಫೀಲಿಂಗಿಗೆ ಹೆಸರಿಡ್ಲಿಕ್ಕೆ ಹೋಗಿ, ಮೌನಾ, ನಿಂಗೆ ಈಗ ಕೋಪ ಬಂದಿದೆ ಅಲ್ವಾ ಅಂತ ಮೆಲ್ಲ ಕೇಳಿದ್ರೆ, ಅಷ್ಟೊತ್ತಿನವರೆಗೆ ಬರೀ ಬೇಸರದಲ್ಲಿದ್ದ ಮಗು ಹೌದಲ್ಲ ಅಂತ ನೆನಪಾಗಿ ನಿಜವಾಗಿ ಕೋಪ ಮಾಡಿಕೊಂಡಿತು.

ಮೂರನೆಯದು ಮಾತ್ರ ಬ್ರಹ್ಮಾಸ್ತ್ರ. ಸ್ನಾನ ಆಗಿ, ಬಟ್ಟೆ ಹಾಕಿಸಿಕೊಳ್ಳದೆ ಮಂಚದ ಅಡಿಗೆ ಹೊಕ್ಕಿದ್ದ ಮೌನಳ ಮುಂದೆ ವೀಕ್ಷಾ ಎರಡು ಫ್ರಾಕು ಹಿಡಿದು, "ಕೆಂಪಾ, ಹಳದಿಯಾ?" ಅಂತ ಕೇಳಿದ್ಳು. ಅಳು ಅರ್ಧದಲ್ಲಿ ನಿಂತಿತು. ಮಂಚದ ಅಡಿಯಿಂದ ಒಂದು ತಲೆ ಹೊರಗೆ ಬಂತು. ಕೆಂಪನ್ನು ನೋಡಿತು, ಹಳದಿಯನ್ನು ನೋಡಿತು, ಎರಡನ್ನೂ ದೊಡ್ಡ ಮನುಷ್ಯರ ಹಾಗೆ ತೂಗಿ ನೋಡಿತು. ಬಾಗಿಲಲ್ಲಿ ಅತ್ತೆ ಉಸಿರು ಹಿಡಿದು ನಿಂತಿದ್ರು. ವೀಕ್ಷಾ ಒಳಗೊಳಗೇ ಗೋಲ್ಡ್ ಮೆಡಲ್ ತಗೊಳ್ಲಿಕ್ಕೆ ಸ್ಟೇಜ್ ಹತ್ತಿಯಾಗಿತ್ತು.

"ಬೇರೆ ಎಂತ ಉಂಟು?" ಅಂತ ಕೇಳಿದ್ಳು ಮೌನ.

ಈ ಪ್ರಶ್ನೆ ಸಿಲೆಬಸ್ಸಿನಲ್ಲಿ ಇರ್ಲಿಲ್ಲ. ಪುಸ್ತಕ ಬರೆದ ದೊರೆಗಳ ಮಕ್ಕಳು ಕೆಂಪು ಅಂತಲೋ ಹಳದಿ ಅಂತಲೋ ಹೇಳಿ ಹಾಕಿಕೊಂಡು ಹೋಗ್ತಾರೆ, ಯಾಕಂದ್ರೆ ಅವರು ಹೋಟೆಲಿನವರ ಮಕ್ಕಳಲ್ಲ. ಮೌನ ದಿನಾ ಬೆಳಿಗ್ಗೆ ಅಪ್ಪನ ತೊಡೆ ಮೇಲೆ ಕೂತು ನೋಡುವುದೇ ಇದನ್ನು. ಗಿರಾಕಿ ಬಂದು ಕೂತ್ಕೊಳ್ತಾನೆ. ಸಪ್ಲಾಯರ್ ಪ್ರಮೋದ ಹೋಗಿ, ಇಡ್ಲಿ ಉಂಟು, ಪೊಂಗಲ್ ಉಂಟು ಅಂತಾನೆ. ಯಾವ ಗಿರಾಕಿಯಾದ್ರೂ ಅಲ್ಲಿಗೇ ಸರಿ ಅಂದದ್ದುಂಟಾ? ವೇರೆ ಎನ್ನ ಇರುಕ್ಕು, ಬೇರೆ ಎಂತ ಉಂಟು ಅಂತ ಕೇಳಿಯೇ ಕೇಳ್ತಾನೆ. ಆಗ ಪ್ರಮೋದ ಒಂದು ಸಲ ಉಸಿರು ಎಳೆದು, ವಡೆ ಪೂರಿ ಕಿಚಡಿ ಬನ್ಸ್ ನೀರುದೋಸೆ ಸಾದಾ ಮಸಾಲೆ ರವಾ ಆನಿಯನ್ ರವಾ ಊತಪ್ಪ ಅಂತ ರೈಲು ಬಿಟ್ಟ ಹಾಗೆ ಬಿಡ್ತಾನೆ. ಗಿರಾಕಿ ಅಷ್ಟೂ ಕೇಳಿ, ತೃಪ್ತಿಯಾಗಿ, ಎರಡು ಇಡ್ಲಿ ಅಂತಾನೆ. ಲೋಕದಲ್ಲಿ ಆಯ್ಕೆ ಮಾಡುವ ಮರ್ಯಾದಸ್ಥರ ಕ್ರಮ ಅದೇ ಅಂತ ಮೌನ ತಿಳ್ಕೊಂಡಿದ್ದಾಳೆ.

ಹಾಗಾಗಿ ವೀಕ್ಷಾ ಕಪಾಟಿನಲ್ಲಿದ್ದ ಫ್ರಾಕುಗಳನ್ನೆಲ್ಲ ಹೇಳಬೇಕಾಯ್ತು. ಕೆಂಪು ಹಳದಿ ನೀಲಿ ಚುಕ್ಕೆಯದ್ದು ಆನೆ ಇರುವುದು ಅಜ್ಜಿ ಕೊಟ್ಟದ್ದು ಗುಂಡಿ ಹೋದದ್ದು. ನಿಧಾನ ಹೇಳಿದ್ರೆ ನಡೀಲಿಲ್ಲ, ಪ್ರಮೋದನ ಸ್ಪೀಡಿನಲ್ಲೇ ಹೇಳ್ಬೇಕು, ಉಸಿರು ತೆಗೆದ್ರೆ ಮೊದಲಿನಿಂದ. ವೀಕ್ಷಾ ಹುಟ್ಟಿದಂದಿನಿಂದ ಉಸಿರು ತೆಗೆಯದೆ ಮಾತಾಡಿದ್ದು ಜೀವಮಾನದಲ್ಲಿ ಮೊದಲ ಸಲ ಒಂದು ಉಪಯೋಗಕ್ಕೆ ಬಂತು. ಮೌನ ಎಲ್ಲ ಕೇಳಿ, ತಲೆ ಆಡಿಸಿ, "ಕೆಂಪು," ಅಂದ್ಳು. ಹಾಕಿಸಿಕೊಂಡ್ಳು. ಅಳು ಇಲ್ಲ, ಓಟ ಇಲ್ಲ.

ಅಲ್ಲಿಂದ ಆ ಮನೆ ಮನೆಯಾಗಿ ಉಳೀಲಿಲ್ಲ. ಹಾಲು ಸ್ಟೀಲ್ ಲೋಟದಲ್ಲಾ, ಕಪ್ಪಿನಲ್ಲಾ, ಬೇರೆ ಎಂತ ಉಂಟು. ಮಲಗುವುದು ಚಾಪೆಯಲ್ಲಾ, ಮಂಚದಲ್ಲಾ, ಬೇರೆ ಎಂತ ಉಂಟು. (ಸೋಫಾ, ಬಾಲ್ಕನಿ, ಅಪ್ಪನ ಹೊಟ್ಟೆ, ಅಕ್ಕಿ ಡಬ್ಬದ ಮೇಲೆ. ಆರಿಸಿದ್ದು ಚಾಪೆ.) ವೀಕ್ಷಾಳ ಹೆಗಲ ಮೇಲೆ ಒಂದು ಟವೆಲು ಇಲ್ಲದಿದ್ರೆ ಆರ್ಡರು ಕೊಡುವುದಿಲ್ಲ ಅಂತ ಮೌನ ಪಟ್ಟು ಹಿಡಿದ್ಳು, ಅದೂ ಆಯ್ತು. ಮೇಲಿನ ಮನೆಯ ಮಾಮಿ ಬಾಗಿಲಲ್ಲಿ ನಿಂತು, ಸೈಕಾಲಜಿ ಓದಿದ್ರೆ ಟವೆಲು ಹಾಕ್ಬೇಕಾ ಅಂತ ವಿಚಾರಿಸಿ ಹೋದ್ರು.

ಬುಧವಾರ ಇನ್ನೂ ದೊಡ್ಡ ಸಾಕ್ಷಾತ್ಕಾರ ಆಯ್ತು. ಮೌನಳಿಗೆ ಅಮ್ಮನ ಫೋನು ಬೇಕಿತ್ತು. ಇಲ್ಲ ಅಂದ್ರೆ ಪಾರಿವಾಳಗಳು ಏಳುವುದು ಗ್ಯಾರಂಟಿ. ಕೆಳತುಟಿ ಹೊರಗೆ ಬರ್ತಾ ಇತ್ತು. ಹೆದರಿಕೆಯಲ್ಲಿ ವೀಕ್ಷಾಳ ಬಾಯಿಗೆ ಪ್ರಮೋದನ ಮಾತೇ ಬಂದುಬಿಟ್ಟಿತು. "ಫೋನು ಖಾಲಿ," ಅಂದ್ಳು.

ಮೌನ ಅವಳ ಮುಖ ನೋಡಿದ್ಳು. ತುಟಿ ಒಳಗೆ ಹೋಯ್ತು. "ಖಾಲಿಯಾ?" ಅಂತ ಒಮ್ಮೆ ಕೇಳಿ, ಸರಿ ಅಂತ ಹೇಳಿ, ಗೊಂಬೆ ಹುಡುಕ್ಲಿಕ್ಕೆ ಹೋದ್ಳು.

ವೀಕ್ಷಾ ಅಲ್ಲೇ ನೆಲದಲ್ಲಿ ಕೂತುಬಿಟ್ಳು. ಯೋಚನೆ ಮಾಡಿದ್ರೆ ಎಷ್ಟು ಸರಿ. ಇಲ್ಲ ಅಂದ್ರೆ ಅದು ಹೇಳಿದವರ ತಪ್ಪು, ಬೇಡ ಅಂದ್ರೆ ಅದು ಅವಮಾನ, ಖಾಲಿ ಅಂದ್ರೆ ಯಾರ ತಪ್ಪೂ ಅಲ್ಲ. ಪೊಂಗಲ್ ಖಾಲಿ ಅಂದದ್ದಕ್ಕೆ ಹೋಟೆಲಿನ ನೆಲದಲ್ಲಿ ಬಿದ್ದು ಹೊರಳಾಡಿದ ಗಿರಾಕಿಯನ್ನು ಮೌನ ಇವತ್ತಿನವರೆಗೆ ನೋಡಿಲ್ಲ. ಖಾಲಿಯಾದದ್ದು ಪುನಃ ಬರ್ತದೆ ಅಂತಲೂ ಅವಳಿಗೆ ಗೊತ್ತು, ಯಾಕಂದ್ರೆ ಪ್ರಮೋದ ಯಾವಾಗಲೂ, ಈಗ ಖಾಲಿ, ಸ್ವಲ್ಪ ಹೊತ್ತಲ್ಲಿ ಬಿಸಿ ಬಿಸಿ ಬರ್ತದೆ ಅಂತಲೇ ಹೇಳುವುದು. ಆ ದಿನದಿಂದ ಚಾಕಲೇಟು ಖಾಲಿ, ಟೀವಿ ಖಾಲಿ, ಲಿಫ್ಟಿನ ಗುಂಡಿ ಒತ್ತುವುದು ಖಾಲಿ. ಪಾರಿವಾಳಗಳು ವಾಪಸ್ ಬಂದು ಬಾಲ್ಕನಿಯಲ್ಲಿ ಸಂಸಾರ ಹೂಡಿದ್ವು. ಗ್ರೈಂಡರು ತಾನಾಗಿಯೇ ಸರಿಯಾಗಿ ಮಾವ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ್ರು.

ಶುಕ್ರವಾರ ಅತ್ತೆ ನೇರಳೆ ಸೀರೆ ಉಟ್ಟಿದ್ರು. ಉಟ್ಟದ್ದು ಯಾಕೆ ಅಂತ ಯಾರೂ ಕೇಳ್ಲಿಲ್ಲ. ಪ್ಲೇಸ್ಕೂಲಿನ ಬಾಗಿಲು ಅರ್ಧ ಎತ್ತರದ್ದು, ಒಳಗೆ ಮಕ್ಕಳು, ಹೊರಗೆ ಅಮ್ಮಂದಿರು, ಎರಡೂ ಕಡೆ ಒಂದೇ ಥರ ಅಳು ಮುಖ. ಉಷಾ ಮೇಡಂ ಚಂದ ನಗ್ತಾ ಮೊಣಕಾಲೂರಿ ಕೂತು (ಅವರೂ ಅದೇ ಪುಸ್ತಕ ಓದಿದವರು), ಬ್ಲಾಕ್ಸ್ ಆಡ್ತಿಯಾ, ಪೇಂಟ್ ಮಾಡ್ತಿಯಾ ಅಂತ ತಮಿಳಿನಲ್ಲಿ ಕೇಳಿದ್ರು. ಮುಂದೆ ಬರುವುದು ಎಂತ ಅಂತ ವೀಕ್ಷಾಳಿಗೆ ಗೊತ್ತಿತ್ತು, ಅದೇ ಬಂತು. "ಬೇರೆ ಎಂತ ಉಂಟು?"

ಮೇಡಮ್ಮಿಗೆ ಕನ್ನಡ ಬರುವುದಿಲ್ಲ. ಅವರು ಪುನಃ ಅದೇ ಎರಡನ್ನು ಹೇಳಿದ್ರು. ಮೌನ ಪುನಃ ಅದೇ ಕೇಳಿದ್ಳು. ಕೆಳತುಟಿ ಮೆಲ್ಲ ಹೊರಗೆ ಬರ್ಲಿಕ್ಕೆ ಶುರುವಾಯ್ತು, ಮೂಗು ಅರಳಿತು. ಕರ್ಟನ್ನು ಕೈಗೆಟುಕುವಷ್ಟು ಹತ್ರವೇ ಇತ್ತು. ಅತ್ತೆಯ ಕೈ ಸೀರೆಯ ಸೆರಗನ್ನು ಹಿಂಡ್ತಾ ಇತ್ತು. ವೀಕ್ಷಾ ಎರಡನೇ ಯೋಚನೆ ಮಾಡ್ಲಿಲ್ಲ, ಜೀನ್ಸಿನ ಕಾಲು ಎತ್ತಿ ಅರ್ಧ ಬಾಗಿಲು ದಾಟಿ, ಕುರ್ತಾದ ಶಾಲನ್ನು ಮಡಚಿ ಹೆಗಲಿಗೆ ಹಾಕಿ, ರೂಮಿನ ನಾಲ್ಕು ಮೂಲೆಗೆ ಕಣ್ಣು ಓಡಿಸಿ, ಬ್ಲಾಕ್ಸ್ ಪೇಂಟು ಮರಳು ಜಾರುಬಂಡಿ ಬಾಲು ಗೊಂಬೆ ಅಡಿಗೆಸೆಟ್ಟು ಮರದ ಕುದುರೆ ಮೂರು ಗಾಲಿಯ ಸೈಕಲ್ಲು ಅಂತ ಒಂದೇ ಉಸಿರಿಗೆ ಬಿಟ್ಳು. ಒಳಗಿನ ಮಕ್ಕಳೆಲ್ಲ ಅಳು ನಿಲ್ಲಿಸಿ ಬಾಯಿ ತೆರೆದು ನೋಡಿದ್ವು. ಹೊರಗಿನ ಅಮ್ಮಂದಿರೂ ನೋಡಿದ್ರು. ಯಾರೋ ಒಬ್ಬರು 'ಇದು ಯಾವ ಮೆಥಡ್' ಅಂತ ಇಂಗ್ಲಿಷಿನಲ್ಲಿ ಗಂಡನಿಗೆ ಮೆಸೇಜ್ ಮಾಡ್ಲಿಕ್ಕೂ ಶುರುಮಾಡಿದ್ರು.

ಮೌನ ಅಷ್ಟೂ ಕೇಳಿದ್ಳು. ತಲೆ ಆಡಿಸಿದ್ಳು. ಇನ್ನು ಬ್ಲಾಕ್ಸ್ ಅಂತಾಳೆ ಅಂತ ವೀಕ್ಷಾ ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಅವಳು ಅರ್ಧ ಬಾಗಿಲ ಆಚೆ ನಿಂತ ನೇರಳೆ ಸೀರೆಯ ಕಡೆಗೆ ಒಮ್ಮೆ ತಿರುಗಿದ್ಳು.

"ಅಮ್ಮ ಉಂಟಾ?" ಅಂತ ಕೇಳಿದ್ಳು.

ವೀಕ್ಷಾಳ ರೈಲು ಹಳಿ ಬಿಟ್ಟಿತು. ಫೋನು ಖಾಲಿ, ಟೀವಿ ಖಾಲಿ ಅಂತ ಹೇಳಿದ ಬಾಯಿಗೆ ಇದನ್ನು ಹೇಳ್ಲಿಕ್ಕೆ ಆಗ್ಲಿಲ್ಲ. ಒಂದನೇ ಯೂನಿಟಿನಿಂದ ಐದನೇ ಯೂನಿಟಿನವರೆಗೆ ಹುಡುಕಿದ್ಳು, ಏನೂ ಸಿಗ್ಲಿಲ್ಲ. ಅವಳದ್ದೇ ಕೆಳತುಟಿ ಅಲುಗ್ತಾ ಉಂಟು ಅಂತ ಅವಳಿಗೇ ಗೊತ್ತಾಯ್ತು. ಆಗ ಹಿಂದಿನಿಂದ ಅತ್ತೆಯ ಸ್ವರ ಬಂತು. ಜಾಸ್ತಿ ಜೋರಾಗಿ ಅಲ್ಲ, ಕಡಿಮೆಯಾಗಿಯೂ ಅಲ್ಲ, ಹೋಟೆಲಿನವರ ಸ್ವರ.

"ಅಮ್ಮ ಈಗ ಖಾಲಿ ಪುಟ್ಟಾ. ಊಟದ ಹೊತ್ತಿಗೆ ಬಿಸಿ ಬಿಸಿ ಬರ್ತದೆ."

ಮೌನ ಅಮ್ಮನನ್ನು ನೋಡಿದ್ಳು. ಅತ್ತೆ ಕಣ್ಣು ಮಿಟುಕಿಸದೆ ನಿಂತಿದ್ರು, ಮಿಟುಕಿಸಿದ್ರೆ ಎಂತ ಆಗ್ತಿತ್ತು ಅಂತ ಎಲ್ಲರಿಗೂ ಗೊತ್ತು. ಮಗು ಸ್ವಲ್ಪ ಹೊತ್ತು ಲೆಕ್ಕ ಹಾಕಿತು. ಬಿಸಿ ಬಿಸಿಯಾ ಅಂತ ಖಾತ್ರಿ ಮಾಡಿಕೊಂಡಿತು. "ಸರಿ. ಬ್ಲಾಕ್ಸ್," ಅಂತ ಹೇಳಿ, ಹಿಂದೆ ನೋಡದೆ ಹೋಗಿ ಕೂತಿತು.

ಅವರಿಬ್ಬರೂ ಹೊರಗೆ ಮೆಟ್ಟಿಲ ಹತ್ರ ತುಂಬಾ ಹೊತ್ತು ಕಾದ್ರು. ಒಳಗಿನಿಂದ ಬೇರೆ ಮಕ್ಕಳ ಸ್ವರ ಬಂತು, ಮೌನಳದ್ದು ಬರ್ಲಿಲ್ಲ. ನಾಮಕರಣದ ದಿನದ ನಂತರ ಇದೇ ಮೊದಲು. ಕೊನೆಗೆ ಉಷಾ ಮೇಡಂ ಬಂದು, ಬ್ಲಾಕ್ಸ್ ಇಟ್ಟು ಇಟ್ಟು ಹೋಟೆಲು ಕಟ್ತಾ ಇದ್ದಾಳೆ, ಇವತ್ತು ಊಟದ ಹೊತ್ತಿಗೆ ಬಂದು ಕರ್ಕೊಂಡು ಹೋಗಿ, ಸೋಮವಾರದಿಂದ ಧಾರಾಳ ಕಳಿಸಿ ಅಂದ್ರು. ಅಷ್ಟಕ್ಕೇ ನಿಲ್ಲಿಸದೆ ಅತ್ತೆಯ ಕೈ ಹಿಡಿದು, ಎಂಥ ತಾಳ್ಮೆ ನಿಮ್ಮದು, ಎಂಥ ಟೆಕ್ನಿಕ್ ಅಂತ ಹೊಗಳಿದ್ದೇ ಹೊಗಳಿದ್ದು. ಪಕ್ಕದಲ್ಲಿ ಹೆಗಲ ಮೇಲೆ ಶಾಲು ಹಾಕಿ ನಿಂತ ವೀಕ್ಷಾಳ ಕಡೆಗೆ ತಿರುಗಿ, ನೀನು ಅವಳ ಅಕ್ಕನಾ ಅಂತ ಮಾತ್ರ ಕೇಳಿ ಒಳಗೆ ಹೋದ್ರು.

ಬೀದಿಗೆ ಬಂದ ಕೂಡ್ಲೇ ವೀಕ್ಷಾಳ ಸೆನ್ಸಿಟಿವಿಟಿ ಕೆರಳಿತು. ಒಂದು ವಾರದಿಂದ ಉಸಿರು ಕಟ್ಟಿ ಕೂಗಿದ್ದು ತಾನು, ಟವೆಲು ಹಾಕಿದ್ದು ತಾನು, ಬಾಗಿಲು ಹಾರಿದ್ದು ತಾನು. ಯಾರಿಗೂ ಬೇಡ. ನಂಗೆ ಮನೆಗೆ ಬರ್ಲಿಕ್ಕಿಲ್ಲ, ಸೀದಾ ಕಾಲೇಜಿಗೆ ಹೋಗ್ತೇನೆ, ಊಟವೂ ಬೇಡ, ಸೈಕಾಲಜಿಯೇ ಬೇಡ, ಬಿಕಾಂ ಮಾಡ್ತೇನೆ ಅಂತ ಅವಳು ಹೂವಿನ ಗಾಡಿ ಹತ್ರ ನಿಂತು ಘೋಷಿಸಿದ್ಳು. ಹೂವಿನಾಕೆ ಕೂಡ ಕಟ್ಟುವುದು ನಿಲ್ಲಿಸಿ ಕೇಳಿದ್ಳು.

ಅತ್ತೆ ಸೆರಗು ಸರಿ ಮಾಡಿಕೊಂಡ್ರು. "ಆಯ್ತು. ಕಾಫಿ ಇಲ್ಲೇ ಕುಡೀತಿಯಾ, ಮಾವನ ಹೋಟೆಲಲ್ಲಾ?"

ವೀಕ್ಷಾ ಯೋಚನೆ ಮಾಡಿದ್ಳು. "ಮಾವನ ಹೋಟೆಲಲ್ಲಿ," ಅಂದ್ಳು. ಅತ್ತೆ ಕೈ ಹಿಡಿದು ರಸ್ತೆ ದಾಟಿಸಿದ್ರು. ರಸ್ತೆಯ ನಡುವೆ, ಒಂದು ಆಟೋ ಮೂಗಿನ ಹತ್ರ ಬ್ರೇಕ್ ಹಾಕಿದಾಗ, ಅವಳ ತಲೆಯಲ್ಲಿ ಒಂದು ಗಂಟೆ ಹೊಡೀತು.

ಕಾಫಿ ಮೊದಲಾ, ಕಾಲು ತೊಳೆಯುವುದು ಮೊದಲಾ. ಬಟ್ಟೆ ಒಣಗಿಸ್ತಿಯಾ, ಸೊಪ್ಪು ಬಿಡಿಸ್ತಿಯಾ. ಬೆಳಿಗ್ಗೆ ಓದ್ತಿಯಾ, ಸಂಜೆ ಓದ್ತಿಯಾ. ಅಮ್ಮನಿಗೆ ಈಗ ಫೋನ್ ಮಾಡ್ತಿಯಾ, ಊಟ ಆದ ಮೇಲಾ. ಒಂದಾದ ಮೇಲೆ ಒಂದು ಪ್ರಮೋದನ ಸ್ಪೀಡಿನಲ್ಲಿ ಬಂದ್ವು. ಆಟೋದವನು ಬೈಯ್ತಾ ಇದ್ದ, ಅವಳಿಗೆ ಕೇಳ್ಲಿಲ್ಲ.

"ಅತ್ತೆ," ಅಂದ್ಳು ಫುಟ್‌ಪಾತ್ ಹತ್ತಿ. "ಇದನ್ನು ನೀವು ನಂಗೆ ಮಾಡ್ತಾ ಇದ್ದೀರಾ?"

ಅತ್ತೆಗೆ ಸ್ವಲ್ಪ ನಾಚಿಕೆಯಾಯ್ತು. "ನೀನು ಬಂದ ದಿನದಿಂದ ಮಾಡ್ತೇನಲ್ಲ."

"ಮತ್ತೆ ಮೌನಳಿಗೆ ಯಾಕೆ ಮಾಡ್ಲಿಲ್ಲ?"

"ಅವಳು ಸಣ್ಣವಳಲ್ವಾ," ಅಂದ್ರು ಅತ್ತೆ. "ಇದು ದೊಡ್ಡ ಮಕ್ಕಳಿಗೆ ಮಾತ್ರ ಆಗುವುದು ಅಂತ ಎಣಿಸಿದ್ದೆ."

ವೀಕ್ಷಾಳಿಗೆ ಕೋಪ ಮಾಡ್ಬೇಕಾ, ನಗ್ಬೇಕಾ ಅಂತ ಗೊತ್ತಾಗ್ಲಿಲ್ಲ. (ನೋಡಿ, ಅವಳೇ ಅವಳಿಗೆ ಎರಡು ಆಯ್ಕೆ ಕೊಟ್ಟುಕೊಂಡ್ಳು.) ಅಷ್ಟರಲ್ಲಿ ಇನ್ನೊಂದು ನೆನಪು ಬಂತು, ಅದಕ್ಕೆ ಎರಡೂ ಆಗ್ಲಿಲ್ಲ. ಮೊದಲ ವರ್ಷ ಅವಳು ಹಾಸ್ಟೆಲಿನಲ್ಲಿದ್ದದ್ದು. ಅಲ್ಲಿಯ ಅನ್ನ ಸೇರದೆ, ರೂಮ್‌ಮೇಟ್ ಸೇರದೆ, ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಸೂಟ್‌ಕೇಸು ಎಳ್ಕೊಂಡು ಮಾವನ ಮನೆ ಬಾಗಿಲಲ್ಲಿ ಬಂದು ನಿಂತದ್ದು. ಮುಖ ಇಡೀ ಊದಿತ್ತು. ಯಾಕೆ ಬಂದೆ ಅಂತ ಕೇಳಿದ್ರೆ ಎಂತ ಹೇಳುವುದು, ಎಷ್ಟು ದಿನ ಅಂತ ಕೇಳಿದ್ರೆ ಎಂತ ಹೇಳುವುದು ಅಂತ ಮೆಟ್ಟಿಲು ಹತ್ತುವಾಗ ಪೂರಾ ಅದೇ ಯೋಚನೆ. ಅತ್ತೆ ಬಾಗಿಲು ತೆರೆದಾಗ ಸೊಂಟದಲ್ಲಿ ಮೌನ ಕಿರುಚ್ತಾ ಇದ್ಳು, ಒಲೆಯಲ್ಲಿ ಹಾಲು ಉಕ್ಕುತ್ತಾ ಇತ್ತು. ಅತ್ತೆ ಸೂಟ್‌ಕೇಸು ನೋಡಿದ್ರು, ಮುಖ ನೋಡಿದ್ರು. ಕೇಳಿದ್ದು ಒಂದೇ, ಕಿಟಕಿ ಹತ್ರ ಮಲಗ್ತಿಯಾ, ಫ್ಯಾನಿನ ಅಡಿಯಲ್ಲಾ ಅಂತ. ಉಳೀತಿಯಾ ಹೋಗ್ತಿಯಾ ಅಂತ ಆ ಮನೆಯಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಅವಳು ಆಗ ಕಿಟಕಿ ಅಂತ ಹೇಳಿದ್ಳು. ಈಗ ಅತ್ತೆಯ ನೇರಳೆ ಸೀರೆಯ ಸೆರಗಿನ ತುದಿ ಹಿಡ್ಕೊಂಡು, ಸಣ್ಣ ಮಗುವಿನ ಹಾಗೆ, ಹೋಟೆಲಿನವರೆಗೂ ನಡೆದ್ಳು. ಅತ್ತೆ ಬಿಡಿಸಿಕೊಳ್ಲಿಲ್ಲ. ಇಸ್ತ್ರಿ ಹಾಳಾಗ್ತದೆ ಅಂತಲೂ ಹೇಳ್ಲಿಲ್ಲ.

ಹೋಟೆಲಿನಲ್ಲಿ ಮಾವ ಕ್ಯಾಶಿನಿಂದ ಅರ್ಧ ಎದ್ದು ನಿಂತು ಮುಖ ನೋಡಿದ್ರು. ಅತ್ತೆ ಹತ್ರ ಹೋಗಿ ಬಗ್ಗಿ ಎಲ್ಲ ಹೇಳಿದ್ರು, ಬ್ಲಾಕ್ಸ್, ಖಾಲಿ, ಸೋಮವಾರ. ಮಾವ ಕನ್ನಡಕ ತೆಗೆದು ಒರೆಸಿ, ಗಿರಾಕಿಗೆ ಚಿಲ್ಲರೆ ಬದಲು ಕನ್ನಡಕವನ್ನೇ ಕೊಟ್ರು. ಮತ್ತೆ ಅತ್ತೆ ಇನ್ನೂ ಏನೋ ಹೇಳಿದ್ರು, ಈ ಸಲ ಇಬ್ಬರೂ ವೀಕ್ಷಾಳ ಕಡೆಗೆ ನೋಡಿದ್ರು, ಮಾವನ ಹೊಟ್ಟೆ ಕುಲುಕಿತು. ವೀಕ್ಷಾ ಘನತೆಯಿಂದ ಫ್ಯಾನಿನ ಅಡಿಯ ಟೇಬಲಿನಲ್ಲಿ ಕೂತ್ಕೊಂಡ್ಳು. ಪ್ರಮೋದ ಬಂದು ಉಸಿರು ಎಳೆದು ಪೂರಾ ಹೇಳಿದ. ಅವಳು ಪೂರಾ ಕೇಳಿ, ರವಾ ದೋಸೆ ಅಂದ್ಳು.

ಪ್ರಮೋದ ಒಮ್ಮೆ ಕ್ಯಾಶಿನ ಕಡೆಗೆ ನೋಡಿದ. "ರವಾ ಖಾಲಿ ಅಕ್ಕ."

ಈಗಷ್ಟೇ ಅವನೇ ಉಂಟು ಅಂದದ್ದು. ಅತ್ತೆಯ ಲೋಟ ಬಾಯಿಯ ಹತ್ರ ನಿಂತಿತು. ಮಾವ ನೋಟು ಎಣಿಸುವ ನಾಟಕ ಮಾಡ್ತಾ ಇದ್ರು. ವೀಕ್ಷಾಳ ಕೆಳತುಟಿ ಹೊರಗೆ ಹೊರಟದ್ದು ಅವಳಿಗೇ ಗೊತ್ತಾಯ್ತು. ಅದನ್ನು ಕಷ್ಟಪಟ್ಟು ಒಳಗೆ ಎಳ್ಕೊಂಡ್ಳು.

"ಸರಿ," ಅಂದ್ಳು. "ಎರಡು ಇಡ್ಲಿ."

ಮಾವ ಪಾಸ್ ಪಾಸ್ ಅಂತ ಮೇಜು ಕುಟ್ಟಿ ನಕ್ಕದ್ದು ಸ್ಟೇಷನ್‌ವರೆಗೂ ಕೇಳಿರ್ಬೇಕು. ಅತ್ತೆ ಕಾಫಿ ನೆತ್ತಿಗೇರಿ ಕೆಮ್ಮಿದ್ರು. ಅಷ್ಟರಲ್ಲಿ ಪ್ರಮೋದ ಹೆಗಲ ಟವೆಲು ಸರಿ ಮಾಡಿಕೊಂಡು, ತುಂಬಾ ಮರ್ಯಾದೆಯಿಂದ ಬಗ್ಗಿ, ರವಾ ಉಂಟಂತೆ ಅಕ್ಕ ಅಂದ.

"ಮಡಚಿ ತರ್ಲಾ, ಬಿಡಿಸಿ ತರ್ಲಾ?"

ಮೂರೂ ಜನ ಕಾಯ್ತಾ ಇದ್ರು. ವೀಕ್ಷಾ ಚೆನ್ನಾಗಿ ಯೋಚನೆ ಮಾಡಿದ್ಳು.

"ಬಿಡಿಸಿ," ಅಂದ್ಳು.